ಕೊರಳಲ್ಲಿ ತೂಗುವ ಸೋಸುಬಟ್ಟೆ

ನಾರುಹುಣ್ಣನ್ನು ಕಣ್ಣಾರೆ ಕಂಡ ಹಿರಿಯರು ಉತ್ತರ ಕರ್ನಾಟಕದಲ್ಲಿ ಈಗಲೂ ಸಿಗುತ್ತಾರೆ. ಮೊಣಕಾಲ ಕೆಳಗೆ ಎಲ್ಲೋ ಒಂದು ಬೊಬ್ಬೆ ಏಳುತ್ತದೆ. ತಡೆಯಲಾರದ ಉರಿ. ಉರಿ ತಣಿಯಲೆಂದು ಕಾಲನ್ನು ನೀರಿಗೆ ಇಳಿಬಿಟ್ಟರೆ ಬೊಬ್ಬೆ ಒಡೆದು, ಒಳಗಿಂದ ಬಿಳಿಯ ಹುಳವೊಂದು ತುದಿ ಚಾಚುತ್ತದೆ. ಅದರ ಉದ್ದ ಸಾಮಾನ್ಯವಾಗಿ 60ರಿಂದ 100 ಸೆಂಟಿಮೀಟರ್. ಜಗ್ಗಿ ತೆಗೆಯುವ ಹಾಗಿಲ್ಲ. ಜಗ್ಗಿದರೆ ತುಂಡಾಗುತ್ತದೆ, ಒಳಗುಳಿದ ಭಾಗ ಕೀವುಗಟ್ಟುತ್ತದೆ. ಹೊರಬಂದ ತುದಿಯನ್ನು ಸಣ್ಣ ಕಡ್ಡಿಗೆ ಸುತ್ತಿ, ದಿನಕ್ಕೆ ಒಂದೆರಡು ಸೆಂಟಿಮೀಟರಿನಂತೆ ಸುರುಳಿ ಸುತ್ತುತ್ತಾ ಹೋಗಬೇಕು. ಕೆಲವೊಮ್ಮೆ ವಾರಗಟ್ಟಲೆ ಹಿಡಿಯುತ್ತದೆ. ಅಷ್ಟು ದಿನ ಆ ಮನುಷ್ಯ ಹೊಲಕ್ಕೂ ಹೋಗಲಾರ, ಕೂಲಿಗೂ ಹೋಗಲಾರ.

ಈ ರೋಗಕ್ಕೆ ಆಗಲೂ ಔಷಧಿ ಇರಲಿಲ್ಲ, ಈಗಲೂ ಇಲ್ಲ. ಲಸಿಕೆಯೂ ಇಲ್ಲ. ಒಮ್ಮೆ ಬಂದವರಿಗೆ ಮತ್ತೆ ಬಾರದು ಎಂಬ ಭರವಸೆಯಂತೂ ಇಲ್ಲವೇ ಇಲ್ಲ. ಆದರೂ 1986ರಲ್ಲಿ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 35 ಲಕ್ಷ ಜನರನ್ನು ಕಾಡುತ್ತಿದ್ದ ಈ ರೋಗ 2024ರಲ್ಲಿ ಕಾಣಿಸಿದ್ದು ಕೇವಲ 15 ಜನರಲ್ಲಿ. ಇದನ್ನು ಸಾಧಿಸಿದ ಸಾಧನಗಳಲ್ಲಿ ಮುಖ್ಯವಾದದ್ದು ಒಂದು ತುಂಡು ಬಟ್ಟೆ. ಅಗ್ಗದ, ಕೈಯಲ್ಲಿ ಹಿಡಿದು ಓಡಾಡಬಹುದಾದ ನೀರಿನ ಫಿಲ್ಟರ್‌ಗಳ ಬಗ್ಗೆ ಮಾತಾಡುವಾಗ ಎಲ್ಲರೂ ನ್ಯಾನೋ ತಂತ್ರಜ್ಞಾನದಿಂದ ಶುರುಮಾಡುತ್ತಾರೆ. ನನಗೆ ಬಟ್ಟೆಯಿಂದ ಶುರುಮಾಡುವುದೇ ಸರಿ ಎನಿಸುತ್ತದೆ.

ಬಟ್ಟೆ ಯಾಕೆ ಸಾಕಾಯಿತು ಎಂಬುದಕ್ಕೆ ಹುಳದ ಜಾತಕ ನೋಡಬೇಕು. ನೀರಿಗೆ ಕಾಲಿಟ್ಟಾಗ ಹೊರಚಾಚಿದ ಹೆಣ್ಣುಹುಳ ಲಕ್ಷಾಂತರ ಮರಿಗಳನ್ನು ನೀರಿಗೆ ಬಿಡುತ್ತದೆ. ಈ ಮರಿಗಳನ್ನು ನಾವು ನೇರವಾಗಿ ಕುಡಿದರೆ ಏನೂ ಆಗುವುದಿಲ್ಲ. ಮೊದಲು ಅವನ್ನು ಸೈಕ್ಲಾಪ್ಸ್ ಎಂಬ ಪುಟ್ಟ ಜಲಚರ ನುಂಗಬೇಕು. ಅದರ ಹೊಟ್ಟೆಯಲ್ಲಿ ಸುಮಾರು ಎರಡು ವಾರ ಬೆಳೆದ ಮೇಲಷ್ಟೇ ಮರಿ ಮನುಷ್ಯನಿಗೆ ತಗುಲಲು ತಯಾರಾಗುತ್ತದೆ. ಆ ಸೈಕ್ಲಾಪ್ಸ್ ಇರುವ ನೀರನ್ನು ನಾವು ಕುಡಿದೆವೋ, ಜಠರದ ಆಮ್ಲದಲ್ಲಿ ಸೈಕ್ಲಾಪ್ಸ್ ಸಾಯುತ್ತದೆ, ಮರಿ ಪಾರಾಗಿ ಕರುಳು ತೂರಿ ಒಳಸೇರುತ್ತದೆ. ಬೊಬ್ಬೆ ಏಳುವುದು ಹೆಚ್ಚುಕಡಿಮೆ ಒಂದು ವರ್ಷದ ನಂತರ. ಸೈಕ್ಲಾಪ್ಸ್‌ನ ಈ ಪಾತ್ರವನ್ನು ಮೊದಲು ಗುರುತಿಸಿದವರು ರಷ್ಯಾದ ಅಲೆಕ್ಸಿ ಫೆಡ್ಚೆಂಕೊ, 1870ರ ಸುಮಾರಿಗೆ, ಮಧ್ಯ ಏಷ್ಯಾದಲ್ಲಿ.

ಇಲ್ಲಿರುವ ಅನುಕೂಲ ಗಮನಿಸಿ. ಹುಳದ ಮರಿ ಕಣ್ಣಿಗೆ ಕಾಣದು, ಆದರೆ ಅದನ್ನು ಹೊತ್ತ ಸೈಕ್ಲಾಪ್ಸ್ ಕಾಣುತ್ತದೆ. ಕೆರೆಯ ನೀರನ್ನು ಗಾಜಿನ ಲೋಟದಲ್ಲಿ ತುಂಬಿ ಬಿಸಿಲಿಗೆ ಎತ್ತಿ ಹಿಡಿದರೆ, ಸುಮಾರು ಒಂದು ಮಿಲಿಮೀಟರಿನ ಬಿಳಿ ಚುಕ್ಕೆಗಳು ತಡೆತಡೆದು ಜಿಗಿಯುವುದು ಗೊತ್ತಾಗುತ್ತದೆ. ಅಷ್ಟು ದೊಡ್ಡ ಜೀವಿಯನ್ನು ತಡೆಯಲು ರಂಧ್ರ 0.1 ಮಿ.ಮೀ. ಇದ್ದರೂ ಸಾಕು. ಒಳ್ಳೆಯ ನೇಯ್ಗೆಯ ಬಟ್ಟೆ ಅಷ್ಟನ್ನು ನಿಭಾಯಿಸುತ್ತದೆ.

ಭಾರತದಲ್ಲಿ ರಾಷ್ಟ್ರೀಯ ನಾರುಹುಣ್ಣು ನಿರ್ಮೂಲನಾ ಕಾರ್ಯಕ್ರಮ ಶುರುವಾದದ್ದು 1983–84ರಲ್ಲಿ. ಆಗ ಏಳು ರಾಜ್ಯಗಳಲ್ಲಿ ರೋಗವಿತ್ತು, ಕರ್ನಾಟಕವೂ ಅವುಗಳಲ್ಲೊಂದು. 1984ರಲ್ಲಿ ದೇಶದಲ್ಲಿ ಸುಮಾರು 40 ಸಾವಿರ ಪ್ರಕರಣಗಳು ದಾಖಲಾಗಿದ್ದವು. ರೋಗದ ತವರು ಮೆಟ್ಟಿಲು ಬಾವಿಗಳು. ಜನ ಮೆಟ್ಟಿಲಿಳಿದು, ನೀರಿನಲ್ಲಿ ಕಾಲಿಟ್ಟು, ಕೊಡ ಅದ್ದಿ ತುಂಬಿಕೊಳ್ಳುತ್ತಿದ್ದರು. ಹುಳಕ್ಕೆ ಬೇಕಾದದ್ದೆಲ್ಲ ಒಂದೇ ಕಡೆ: ಕಾಲು, ನೀರು, ಕೊಡ. ಹಾಗಾಗಿ ಮೆಟ್ಟಿಲುಗಳನ್ನು ಮುಚ್ಚಿ ಹಗ್ಗದಲ್ಲಿ ಸೇದುವ ಬಾವಿಗಳನ್ನಾಗಿ ಮಾಡಿದರು, ಸೈಕ್ಲಾಪ್ಸ್ ಸಾಯಲು ಟೆಮೆಫಾಸ್ ಎಂಬ ಕೀಟನಾಶಕ ಹಾಕಿದರು, ಕೈಪಂಪು ಕೊರೆದರು, ಮನೆಮನೆಗೆ ಸೋಸುಬಟ್ಟೆ ಕೊಟ್ಟರು. ಊರೂರಿನಲ್ಲಿ ಕಾಲು ಕುಂಟುವವರನ್ನು ಹುಡುಕಿ ನೀರಿಗಿಳಿಯದಂತೆ ಕಾದರು. ಕೊನೆಯ ಪ್ರಕರಣ ಕಂಡದ್ದು 1996ರ ಜುಲೈನಲ್ಲಿ, ರಾಜಸ್ಥಾನದ ಜೋಧ್‌ಪುರ ಜಿಲ್ಲೆಯಲ್ಲಿ. 2000ನೇ ಇಸವಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ನಾರುಹುಣ್ಣು ಮುಕ್ತವೆಂದು ಸಾರಿತು. ಸಿಡುಬು, ಪೋಲಿಯೊ ಬಗ್ಗೆ ಪಠ್ಯಪುಸ್ತಕಗಳಲ್ಲಿ ಓದುತ್ತೇವೆ. ಔಷಧಿಯೇ ಇಲ್ಲದೆ ಗೆದ್ದ ಈ ರೋಗದ ಹೆಸರು ನಮ್ಮ ಮಕ್ಕಳಿಗೆ ಗೊತ್ತೇ ಇಲ್ಲ.

ಆಫ್ರಿಕಾದಲ್ಲಿ ಕೆಲಸ ಇಷ್ಟು ಸಲೀಸಾಗಿರಲಿಲ್ಲ. ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸ್ಥಾಪಿಸಿದ ಕಾರ್ಟರ್ ಸೆಂಟರ್ 1986ರಿಂದ ಇದರ ಮುಂದಾಳತ್ವ ವಹಿಸಿತು. ಹತ್ತಿ ಬಟ್ಟೆಯ ರಂಧ್ರಗಳು ಕೆಸರಿನಿಂದ ಬೇಗ ಕಟ್ಟಿಕೊಳ್ಳುತ್ತಿದ್ದವು. ಅದರ ಬದಲು ಒಂದೇ ಎಳೆಯ ನೈಲಾನಿನಲ್ಲಿ, ಎಲ್ಲ ರಂಧ್ರವೂ ಒಂದೇ ಅಳತೆಗಿರುವಂತೆ ನೇಯ್ದ ಬಟ್ಟೆ ಬಂತು. ಅದನ್ನು ಮಡಕೆಯ ಬಾಯಿಗೆ ಕಟ್ಟಿ ನೀರು ಸುರಿದರೆ ಸರಾಗವಾಗಿ ಇಳಿಯುತ್ತದೆ, ತೊಳೆದರೆ ಮತ್ತೆ ಹೊಸದರಂತಾಗುತ್ತದೆ. ಮನೆಯ ಮಟ್ಟಿಗೆ ಸಮಸ್ಯೆ ಬಗೆಹರಿಯಿತು.

ಆದರೆ ಮನುಷ್ಯ ನೀರು ಕುಡಿಯುವುದು ಮನೆಯಲ್ಲಿ ಮಾತ್ರವೇ? ದನ ಮೇಯಿಸುವವನು ಬೆಳಗ್ಗೆ ಹೊರಟರೆ ಬರುವುದು ಸಂಜೆಗೆ, ಕೆಲವು ಕಡೆ ತಿಂಗಳುಗಳ ಮೇಲೆ. ಬಾಯಾರಿದಾಗ ಎದುರಿಗೆ ಸಿಕ್ಕ ಹೊಂಡಕ್ಕೆ ಬಗ್ಗಿ ಕುಡಿಯುತ್ತಾನೆ. ಮಡಕೆಯ ಬಾಯಿಗೆ ಕಟ್ಟಿದ ಬಟ್ಟೆಯಿಂದ ಅವನಿಗೇನು ಉಪಯೋಗ? ಈ ಪ್ರಶ್ನೆಗೆ ಬಂದ ಉತ್ತರವೇ ಕೊಳವೆ ಫಿಲ್ಟರ್. ಪೆನ್ನಿಗಿಂತ ತುಸು ದಪ್ಪದ ಪ್ಲಾಸ್ಟಿಕ್ ಕೊಳವೆ, ಅದರ ಒಂದು ಕೊನೆಗೆ ಸಣ್ಣ ಜಾಲರಿ, ಕೊರಳಿಗೆ ಹಾಕಿಕೊಳ್ಳಲು ಒಂದು ದಾರ. ಜಾಲರಿಯ ತುದಿಯನ್ನು ಹೊಂಡದ ನೀರಿಗೆ ಇಟ್ಟು ಈ ಕಡೆಯಿಂದ ಹೀರಿದರಾಯಿತು. 2001ರಲ್ಲಿ, ಅಂತರ್ಯುದ್ಧದಿಂದ ನಲುಗಿದ್ದ ಸೂಡಾನ್‌ನಲ್ಲಿ ಇಂಥ 90 ಲಕ್ಷಕ್ಕೂ ಹೆಚ್ಚು ಕೊಳವೆಗಳನ್ನು ಹಂಚಿದರು. ಆ ದೇಶದಲ್ಲಿ 1995ರಲ್ಲೇ ಕಾರ್ಟರ್ ಎರಡೂ ಕಡೆಯವರನ್ನು ಒಪ್ಪಿಸಿ ಸುಮಾರು ಆರು ತಿಂಗಳು ಬಂದೂಕು ನಿಲ್ಲಿಸಿದ್ದರು, ಆರೋಗ್ಯ ಕಾರ್ಯಕರ್ತರು ಹಳ್ಳಿಗಳಿಗೆ ಹೋಗಲೆಂದು. ಒಂದು ಹುಳದ ಸಲುವಾಗಿ ಕದನ ವಿರಾಮ!

ಕಾರ್ಟರ್ ಸೆಂಟರಿಗೆ ಸೋಸುಬಟ್ಟೆ, ಕೊಳವೆಗಳನ್ನು ಮಾಡಿಕೊಟ್ಟವರಲ್ಲಿ ಡೆನ್ಮಾರ್ಕ್ ಮೂಲದ ಜವಳಿ ಕಂಪನಿ ವೆಸ್ಟರ್‌ಗಾರ್ಡ್ ಫ್ರಾಂಡ್ಸೆನ್ ಒಂದು. ಅವರಿಗೆ ಮುಂದಿನ ಯೋಚನೆ ಹೊಳೆದದ್ದು ಸಹಜ. ಹುಳದ ಬದಲು ರೋಗಾಣುವನ್ನೇ ತಡೆಯುವ ಕೊಳವೆ ಮಾಡಿದರೆ? 2005ರಲ್ಲಿ ‘ಲೈಫ್‌ಸ್ಟ್ರಾ’ ಬಂತು. ಜಗತ್ತಿನ ಪತ್ರಿಕೆಗಳೆಲ್ಲ ಕೊಂಡಾಡಿದವು.

ಹೇಳುವಷ್ಟು ಸುಲಭವಲ್ಲ ಅದು. ಸೈಕ್ಲಾಪ್ಸ್‌ಗೆ 0.1 ಮಿ.ಮೀ., ಅಂದರೆ 100 ಮೈಕ್ರಾನ್ ರಂಧ್ರ ಸಾಕಿತ್ತು. ಬ್ಯಾಕ್ಟೀರಿಯಾ ತಡೆಯಲು ರಂಧ್ರ 0.2 ಮೈಕ್ರಾನ್ ಇರಬೇಕು, ಐನೂರು ಪಟ್ಟು ಕಿರಿದು. ಇಲ್ಲಿ ಭೌತಶಾಸ್ತ್ರ ಅಡ್ಡ ಬರುತ್ತದೆ. ಒತ್ತಡ ಅಷ್ಟೇ ಇದ್ದು ಕೊಳವೆಯ ವ್ಯಾಸ ಅರ್ಧಕ್ಕಿಳಿದರೆ ಅದರಲ್ಲಿ ಹರಿಯುವ ನೀರು ಅರ್ಧಕ್ಕಲ್ಲ, ಹದಿನಾರನೇ ಒಂದು ಪಾಲಿಗೆ ಇಳಿಯುತ್ತದೆ. ಐನೂರು ಪಟ್ಟು ಕಿರಿದಾದರೆ ಒಂದು ರಂಧ್ರದಿಂದ ಬರುವ ನೀರನ್ನು ಮರೆತುಬಿಡಬಹುದು. ಹಾಗಾದರೆ ದಾರಿ ಒಂದೇ, ಲೆಕ್ಕವಿಲ್ಲದಷ್ಟು ರಂಧ್ರಗಳು ಬೇಕು, ಅವೆಲ್ಲ ಅಂಗೈಗೆ ಸಿಗುವ ಕೊಳವೆಯೊಳಗೇ ಕೂರಬೇಕು. ಮೊದಲ ಮಾದರಿಯಲ್ಲಿ ಕಂಪನಿ ಅಯೋಡಿನ್ ಸೇರಿಸಿದ ರಾಳದ ಮಣಿಗಳನ್ನು ಬಳಸಿತ್ತು. ಮುಂದೆ ಅದನ್ನು ಬಿಟ್ಟು ಟೊಳ್ಳು ಎಳೆಗಳಿಗೆ ಬಂತು. ಶ್ಯಾವಿಗೆ ಎಳೆಯ ಹೊಟ್ಟೆ ಟೊಳ್ಳಾಗಿದ್ದರೆ ಹೇಗೋ ಹಾಗೆ, ತೆಳ್ಳನೆಯ ಪ್ಲಾಸ್ಟಿಕ್ ಎಳೆಗಳ ಒಂದು ಕಟ್ಟು. ಪ್ರತಿ ಎಳೆಯ ಗೋಡೆಯ ತುಂಬ 0.2 ಮೈಕ್ರಾನಿನ ರಂಧ್ರಗಳು. ನೀರು ಗೋಡೆ ದಾಟುತ್ತದೆ, ಬ್ಯಾಕ್ಟೀರಿಯಾ ಆಚೆಯೇ ಉಳಿಯುತ್ತದೆ. ಈ ತಂತ್ರ ಆಸ್ಪತ್ರೆಯ ಡಯಾಲಿಸಿಸ್ ಯಂತ್ರದಲ್ಲೂ ಇದೆ. ಕುಡಿದು ಮುಗಿಸಿದ ಮೇಲೆ ಕೊಳವೆಗೆ ಬಾಯಿಂದ ಜೋರಾಗಿ ಊದಬೇಕು, ಎಳೆಗಳಿಗೆ ಮೆತ್ತಿಕೊಂಡ ಕೆಸರು ಹಿಂದಕ್ಕೆ ಬಿದ್ದುಹೋಗುತ್ತದೆ. ವಿದ್ಯುತ್ ಬೇಡ, ಔಷಧಿ ಬೇಡ.

ಆದರೂ ಬಡ ದೇಶಗಳ ನೀರಿನ ಸಮಸ್ಯೆಗೆ ಲೈಫ್‌ಸ್ಟ್ರಾ ಉತ್ತರವೆಂದು ನನಗೆ ಅನಿಸಿಲ್ಲ. ಎರಡು ಕಾರಣ ಹೇಳುತ್ತೇನೆ. ಮೊದಲನೆಯದು ವೈರಸ್. ಮಕ್ಕಳಿಗೆ ಭೇದಿ ತರುವ ರೋಟಾವೈರಸ್‌ನ ಅಳತೆ 0.07 ಮೈಕ್ರಾನ್, ಕಾಮಾಲೆ ತರುವ ಹೆಪಟೈಟಿಸ್-ಎ ಅದಕ್ಕಿಂತಲೂ ಚಿಕ್ಕದು. 0.2 ಮೈಕ್ರಾನಿನ ಬಾಗಿಲಿನಲ್ಲಿ ಇವು ಆರಾಮವಾಗಿ ನುಗ್ಗುತ್ತವೆ. ಎರಡನೆಯದು ಇನ್ನೂ ದೊಡ್ಡದು. ವಾಂತಿಭೇದಿಯಿಂದ ಹೆಚ್ಚಾಗಿ ಸಾಯುವುದು ಐದು ವರ್ಷದೊಳಗಿನ ಮಕ್ಕಳು, ಅದರಲ್ಲೂ ಎಳೆಯ ಕೂಸುಗಳು. ಕೂಸಿನ ಬಾಯಿಗೆ ಕೊಳವೆ ಕೊಟ್ಟು ಜೋರಾಗಿ ಹೀರು ಎನ್ನಲಾದೀತೇ? ಅದಕ್ಕೆ ಗಂಜಿ ಕಾಯಿಸಲು ನೀರು ಬೇಕು, ಪಾತ್ರೆ ತೊಳೆಯಲು ನೀರು ಬೇಕು. ಹೀರುವ ಕೊಳವೆ ದನ ಕಾಯುವವನಿಗೆ ಸರಿ, ಪ್ರವಾಹದಲ್ಲಿ ಸಿಕ್ಕಿಕೊಂಡವರಿಗೆ ಸರಿ, ಸೈನಿಕರಿಗೆ, ಚಾರಣಿಗರಿಗೆ ಸರಿ. ಈಗ ಅದನ್ನು ಹಣ ಕೊಟ್ಟು ಕೊಳ್ಳುವವರು ಹೆಚ್ಚಾಗಿ ಶ್ರೀಮಂತ ದೇಶಗಳ ಚಾರಣಿಗರೇ. ಆ ಮಾರಾಟದ ಬಲದ ಮೇಲೆ ಕಂಪನಿ ಬಡ ದೇಶಗಳ ಶಾಲಾಮಕ್ಕಳಿಗೆ ದೊಡ್ಡ ಫಿಲ್ಟರ್ ಕೊಡುತ್ತದೆ. ಒಳ್ಳೆಯ ಕೆಲಸವೇ, ಆದರೆ ಯೋಚನೆ ಹುಟ್ಟಿದ ಜಾಗ ಅದಲ್ಲ.

ಮತ್ತೆ ಬಟ್ಟೆಗೇ ಬರೋಣ. ಕಾಲರಾ ಬ್ಯಾಕ್ಟೀರಿಯಾದ ಅಗಲ ಅರ್ಧ ಮೈಕ್ರಾನ್. ಸೀರೆಯನ್ನು ಎಷ್ಟೇ ಮಡಿಸಿದರೂ ಅದರ ರಂಧ್ರ 20 ಮೈಕ್ರಾನಿಗಿಂತ ಹೆಚ್ಚು ಕಿರಿದಾಗದು. ಲೆಕ್ಕದ ಪ್ರಕಾರ ಸೀರೆ ಕಾಲರಾವನ್ನು ತಡೆಯಲೇಬಾರದು. ಆದರೆ ಅಮೆರಿಕದ ಸೂಕ್ಷ್ಮಜೀವಿ ವಿಜ್ಞಾನಿ ರೀಟಾ ಕಾಲ್ವೆಲ್ ಮತ್ತು ಬಾಂಗ್ಲಾದೇಶ ಮೂಲದ ಅನ್ವರ್ ಹಕ್ ಬೇರೆ ಲೆಕ್ಕ ಹಾಕಿದ್ದರು. ಕಾಲರಾ ಬ್ಯಾಕ್ಟೀರಿಯಾ ಕೊಳದ ನೀರಿನಲ್ಲಿ ಒಂಟಿಯಾಗಿ ತೇಲುವುದಕ್ಕಿಂತ ಯಾವುದಾದರೂ ಮೈಮೇಲೆ ಅಂಟಿಕೊಂಡಿರುವುದೇ ಹೆಚ್ಚು ಎಂದು ಕಾಲ್ವೆಲ್ ವರ್ಷಗಳಿಂದ ಹೇಳುತ್ತಾ ಬಂದಿದ್ದರು. ಯಾರ ಮೈಮೇಲೆ? ನಮ್ಮ ಸೈಕ್ಲಾಪ್ಸ್ ಮತ್ತು ಅದರ ಬಂಧುಬಳಗದ ಮೇಲೆ! ಅಂಥ ಒಂದೇ ಜೀವಿ ಸಾವಿರಾರು ಬ್ಯಾಕ್ಟೀರಿಯಾ ಹೊತ್ತಿರಬಹುದು. ಕಾಲರಾ ತಗುಲಲು ದೊಡ್ಡ ಸಂಖ್ಯೆಯ ಬ್ಯಾಕ್ಟೀರಿಯಾ ಒಳಹೋಗಬೇಕು. ಹಾಗಾದರೆ ಹೊರುವವನನ್ನು ಸೋಸಿ ತೆಗೆದರೆ ಹೊರೆಯ ಬಹುಪಾಲು ತಾನಾಗಿ ಹೋಗುತ್ತದೆ.

ಬಾಂಗ್ಲಾದೇಶದ ಮತ್ಲಬ್ ಪ್ರದೇಶದಲ್ಲಿ 65 ಹಳ್ಳಿಗಳ ಸುಮಾರು 1 ಲಕ್ಷ 33 ಸಾವಿರ ಜನರ ನಡುವೆ ಇದನ್ನು ಪರೀಕ್ಷಿಸಿದರು. ಹೆಂಗಸರಿಗೆ ಹೇಳಿಕೊಟ್ಟದ್ದು ಇಷ್ಟೇ: ಹಳೆಯ ಹತ್ತಿ ಸೀರೆಯನ್ನು ನಾಲ್ಕು ಪದರವಾದರೂ ಬರುವಂತೆ ಮಡಿಸಿ, ಕೊಡದ ಬಾಯಿಗೆ ಬಿಗಿಯಾಗಿ ಹಿಡಿದು ಕೊಳದಲ್ಲಿ ಅದ್ದಿ. ತುಂಬಿದ ಮೇಲೆ ಬಟ್ಟೆಯನ್ನು ಕೊಳದ ನೀರಲ್ಲೇ ಜಾಲಿಸಿ, ಕೊನೆಗೊಮ್ಮೆ ಸೋಸಿದ ನೀರು ಹಾಕಿ, ಬಿಸಿಲಿಗೆ ಒಣಹಾಕಿ. ಇಲ್ಲಿ ಹೊಸ ಸೀರೆಗಿಂತ ಹಳೆಯದೇ ಮೇಲು. ತೊಳೆದು ತೊಳೆದು ನೂಲಿನ ಎಳೆ ಬಿಚ್ಚಿಕೊಂಡು, ರಂಧ್ರಗಳ ಬಾಯಿಗೆ ನವಿರಾದ ಎಳೆಗಳು ಅಡ್ಡ ನಿಲ್ಲುತ್ತವೆ. 2003ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಸೀರೆ ಬಳಸಿದ ಹಳ್ಳಿಗಳಲ್ಲಿ ಕಾಲರಾ ಶೇ 48ರಷ್ಟು ಇಳಿದಿತ್ತು. ಖರ್ಚು ಸೊನ್ನೆ. ಸೀರೆ ಕಾಲರಾವನ್ನು ಪೂರ್ತಿ ತಡೆಯಲಿಲ್ಲ, ಇತರ ಭೇದಿಗಳಿಗೆ ಅದು ಮದ್ದೂ ಅಲ್ಲ. ಆದರೆ ಕುದಿಸಲು ಸೌದೆಯಿಲ್ಲದ ಮನೆಗೆ ಅರ್ಧ ರಕ್ಷಣೆ ಸಣ್ಣ ಮಾತಲ್ಲ.

ಸೋಸುವುದಕ್ಕೆ ಮಿತಿ ಇರುವುದರಿಂದ ಕೊಲ್ಲುವ ದಾರಿಗಳೂ ಬಂದವು. ಬಿಸಿಲಿನದು ಬೈರೂತ್‌ನಲ್ಲಿ ಹುಟ್ಟಿದ, ಸ್ವಿಸ್ ಸಂಸ್ಥೆಯೊಂದು ಬೆಳೆಸಿದ ವಿಧಾನ. ತಿಳಿನೀರನ್ನು ಪಾರದರ್ಶಕ ಪೆಟ್ ಬಾಟಲಿಯಲ್ಲಿ ತುಂಬಿ ಚೆನ್ನಾದ ಬಿಸಿಲಿನಲ್ಲಿ ಆರು ಗಂಟೆ, ಮೋಡವಿದ್ದರೆ ಎರಡು ದಿನ ಮಲಗಿಸಿಡುವುದು. ನೀರು ಕದಡಿದ್ದರೆ ಕಿರಣ ಒಳಗೆ ಇಳಿಯದು. ಬಾಟಲಿಯನ್ನು ದಿನಪತ್ರಿಕೆಯ ಮೇಲೆ ನಿಲ್ಲಿಸಿ ಮೇಲಿನಿಂದ ನೋಡಿದಾಗ ತಲೆಬರಹ ಓದಲು ಬಂದರೆ ನೀರು ಸಾಕಷ್ಟು ತಿಳಿಯಾಗಿದೆ ಎಂದರ್ಥ. ಕದಡಿದ ನೀರಿಗೆ ನಮ್ಮಲ್ಲಿ ಚಿಲ್ಲದ ಬೀಜ ತೇಯುವ ರೂಢಿ ಇತ್ತು, ನುಗ್ಗೆಬೀಜದ ಪುಡಿಯೂ ಅದೇ ಕೆಲಸ ಮಾಡುತ್ತದೆ. ಎರಡೂ ಮಣ್ಣನ್ನು ತಳಕ್ಕಿಳಿಸುತ್ತವೆ, ಆದರೆ ಅಷ್ಟರಿಂದಲೇ ನೀರು ಸುರಕ್ಷಿತವಾಗುವುದಿಲ್ಲ. ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿಯ ಪುಡಿಯ ಪೊಟ್ಟಣ ಎರಡನ್ನೂ ಒಟ್ಟಿಗೆ ಮಾಡುತ್ತದೆ. ಕಬ್ಬಿಣದ ಸಲ್ಫೇಟ್ ಕೆಸರನ್ನು ಉಂಡೆಗಟ್ಟಿಸುತ್ತದೆ, ಕ್ಲೋರಿನ್ ಕೊಲ್ಲುತ್ತದೆ. 4 ಗ್ರಾಂ ಪುಡಿಗೆ 10 ಲೀಟರ್ ನೀರು. ಅಂಗಡಿಯಲ್ಲಿ ಅದು ಓಡಲಿಲ್ಲ, ಕೊನೆಗೆ ಪರಿಹಾರ ಶಿಬಿರಗಳಲ್ಲಿ ದಾನದ ವಸ್ತುವಾಗಿ ನೆಲೆ ಕಂಡಿತು.

ಇವೆಲ್ಲ ಪ್ರಯೋಗಾಲಯದಲ್ಲಿ ಗೆದ್ದವೇ. ಮನೆಯಲ್ಲಿ ಸೋಲುವುದು ಬೇರೆ ಕಾರಣಕ್ಕೆ. ಬೊಲಿವಿಯಾದ ಹಳ್ಳಿಗಳಲ್ಲಿ ಬಾಟಲಿ ವಿಧಾನವನ್ನು ಮನೆಮನೆಗೆ ಹೋಗಿ ಕಲಿಸಿದ ಮೇಲೂ ಬಳಸಿದವರು ಮೂರನೇ ಒಂದರಷ್ಟು ಜನ. ಭೇದಿ ಗಣನೀಯವಾಗಿ ಇಳಿಯಲಿಲ್ಲ. ಕೀನ್ಯಾದ ಪಶ್ಚಿಮ ಪ್ರಾಂತ್ಯದಲ್ಲಿ 2011ರಲ್ಲಿ ಸುಮಾರು ಒಂಬತ್ತು ಲಕ್ಷ ಮನೆಗಳಿಗೆ ಲೈಫ್‌ಸ್ಟ್ರಾದ ದೊಡ್ಡ ಮಾದರಿಯನ್ನು ಪುಕ್ಕಟೆ ಕೊಟ್ಟರು. ಅದು ವೈರಸ್ಸನ್ನೂ ತಡೆಯುವಂಥದ್ದು. ಹಣ ಬಂದದ್ದು ಕಾರ್ಬನ್ ಕ್ರೆಡಿಟ್‌ನಿಂದ: ಫಿಲ್ಟರ್ ಇದ್ದರೆ ಜನ ನೀರು ಕುದಿಸುವುದಿಲ್ಲ, ಸೌದೆ ಉಳಿಯುತ್ತದೆ, ಉಳಿದ ಹೊಗೆಯನ್ನು ಮಾರಬಹುದು ಎಂಬ ಲೆಕ್ಕ. ಆ ಮನೆಗಳಲ್ಲಿ ಹಲವು ಮೊದಲೂ ನೀರು ಕುದಿಸುತ್ತಿರಲಿಲ್ಲ ಎಂಬುದು ಆಮೇಲಿನ ತಕರಾರು. ಎರಡು ಮೂರು ವರ್ಷ ಬಿಟ್ಟು ಸ್ವತಂತ್ರ ಸಂಶೋಧಕರು ಹೋಗಿ ನೋಡಿದಾಗ ಫಿಲ್ಟರ್ ಬಳಸುತ್ತಿದ್ದ ಮನೆಗಳು ಸುಮಾರು ಐದರಲ್ಲೊಂದು.

ಅದೇ ಕೀನ್ಯಾದಲ್ಲಿ ಅರ್ಥಶಾಸ್ತ್ರಜ್ಞ ಮೈಕೆಲ್ ಕ್ರೆಮರ್, 2019ರ ನೊಬೆಲ್ ಹಂಚಿಕೊಂಡವರು, ಮತ್ತವರ ಸಂಗಡಿಗರು ಬೇರೆ ದಾರಿ ಹಿಡಿದರು. ಕ್ಲೋರಿನ್ ಬಾಟಲಿಯನ್ನು ಅಂಗಡಿಯಲ್ಲಿಟ್ಟಾಗ ಕೊಂಡು ಬಳಸಿದ ಮನೆಗಳು ಹತ್ತಕ್ಕೊಂದೂ ಇರಲಿಲ್ಲ. ಅದೇ ಕ್ಲೋರಿನ್ನನ್ನು ನೀರಿನ ಊಟೆಯ ಪಕ್ಕದಲ್ಲೇ ಒಂದು ಕಂಬಕ್ಕೆ ಡಬ್ಬಿಯಾಗಿ ಕೂರಿಸಿ ಪುಕ್ಕಟೆ ಕೊಟ್ಟರು. ಹೆಂಗಸು ಡಬ್ಬಿಯ ಗುಂಡಿ ತಿರುಗಿಸುತ್ತಾಳೆ, ಅಳೆದಿಟ್ಟಂತೆ 3 ಮಿಲಿಲೀಟರ್ ಕ್ಯಾನಿಗೆ ಬೀಳುತ್ತದೆ, ಮೇಲೆ 20 ಲೀಟರ್ ನೀರು ತುಂಬುತ್ತಾಳೆ. ಮನೆ ಮುಟ್ಟುವಷ್ಟರಲ್ಲಿ ನಡಿಗೆಯ ಕುಲುಕಾಟಕ್ಕೆ ಕ್ಲೋರಿನ್ ಬೆರೆತು ಕೆಲಸ ಶುರುಮಾಡಿರುತ್ತದೆ. ಅರ್ಧಕ್ಕಿಂತ ಹೆಚ್ಚು ಮನೆಗಳು ಬಳಸತೊಡಗಿದವು. ಪಕ್ಕದ ಮನೆಯವಳು ಹಾಕಿಕೊಂಡಳೋ ಇಲ್ಲವೋ ಎಂಬುದು ಎಲ್ಲರಿಗೂ ಕಾಣುತ್ತದೆ, ಮರೆವಿಗೆ ಅವಕಾಶವಿಲ್ಲ. ಕ್ಲೋರಿನ್‌ನಿಂದ ಇನ್ನೊಂದು ಲಾಭ, ಆಮೇಲೆ ಯಾರಾದರೂ ಕೊಡಕ್ಕೆ ಲೋಟದ ಜೊತೆ ಬೆರಳನ್ನೂ ಅದ್ದಿದರೆ ಉಳಿದ ಕ್ಲೋರಿನ್ ಅದನ್ನೂ ನೋಡಿಕೊಳ್ಳುತ್ತದೆ. ಫಿಲ್ಟರ್‌ಗೆ ಈ ಗುಣವಿಲ್ಲ. ಸೋಸಿದ ಮರುಕ್ಷಣವೇ ಅದರ ಹೊಣೆ ಮುಗಿಯಿತು.

ಹಾಗಾದರೆ ನಾರುಹುಣ್ಣಿನ ಬಟ್ಟೆ ಗೆದ್ದದ್ದು ಹೇಗೆ? ಅದೂ ದಿನಾ ಬಳಸಬೇಕಾದದ್ದೇ, ಅದರ ಫಲವೂ ಒಂದು ವರ್ಷ ಕಳೆದ ಮೇಲೇ ಗೊತ್ತಾಗುವುದು. ನನ್ನ ಲೆಕ್ಕದಲ್ಲಿ ಎರಡು ಸಂಗತಿಗಳು ಕೈಹಿಡಿದವು. ವೈರಿಯನ್ನು ಲೋಟದಲ್ಲಿ ಜಿಗಿಯುವಂತೆ ಜನರ ಕಣ್ಣಿಗೆ ತೋರಿಸಲು ಸಾಧ್ಯವಿತ್ತು. ಮತ್ತು ಹಳ್ಳಿಯವರೇ ಆದ ಸ್ವಯಂಸೇವಕರು ಮನೆಮನೆಗೆ ಮತ್ತೆ ಮತ್ತೆ ಹೋಗಿ ಬಟ್ಟೆ ಹರಿದಿದೆಯೇ, ಕೊಡದ ಬಾಯಿಗೆ ಕಟ್ಟಿದ್ದಾರೆಯೇ ಎಂದು ನೋಡುತ್ತಿದ್ದರು, ಹರಿದಿದ್ದರೆ ಬೇರೆ ಕೊಡುತ್ತಿದ್ದರು. ಬಟ್ಟೆಗಿಂತ ಆ ಓಡಾಟಕ್ಕೇ ಖರ್ಚು ಹೆಚ್ಚು. ಸಾಧನ ಅಗ್ಗವೆಂದರೆ ಕಾರ್ಯಕ್ರಮವೂ ಅಗ್ಗ ಎಂದು ನಂಬುವವರು ಇದನ್ನು ಗಮನಿಸಬೇಕು. ಅಷ್ಟಾಗಿಯೂ ಕೆಲಸ ಪೂರ್ತಿ ಮುಗಿದಿಲ್ಲ. ಚಾಡ್ ದೇಶದಲ್ಲಿ ನಾಯಿಗಳಿಗೂ ಈ ಹುಳ ತಗುಲುತ್ತಿರುವುದು 2012ರಿಂದ ಬೆಳಕಿಗೆ ಬಂದಿದೆ.

ಕೊನೆಗೆ ಸೋಸಿದರೂ ಹೋಗದ, ಕುದಿಸಿದರೂ ಸಾಯದ ವೈರಿಗಳಿವೆ, ಅವು ನೀರಿನಲ್ಲಿ ಕರಗಿರುವಂಥವು. ಕೊಳದ ನೀರಿನ ಕಾಲರಾದಿಂದ ಪಾರಾಗಲೆಂದು ಬಾಂಗ್ಲಾದೇಶ ಲಕ್ಷಗಟ್ಟಲೆ ಕೊಳವೆ ಬಾವಿ ಕೊರೆಯಿತು, ಅವುಗಳಲ್ಲಿ ಆರ್ಸೆನಿಕ್ ಬಂತು. ಅದಕ್ಕೆ ಅಬುಲ್ ಹುಸ್ಸಾಮ್ ಎಂಬ ರಸಾಯನ ವಿಜ್ಞಾನಿ ಕಬ್ಬಿಣದ ಚೂರು, ಮರಳು, ಇದ್ದಿಲು, ಇಟ್ಟಿಗೆ ಚೂರುಗಳ ಬಕೆಟ್ ಫಿಲ್ಟರ್ ಮಾಡಿ 2007ರಲ್ಲಿ ಹತ್ತು ಲಕ್ಷ ಡಾಲರಿನ ಗ್ರೇಂಜರ್ ಬಹುಮಾನ ಪಡೆದರು. ನಮ್ಮಲ್ಲೂ ಅದೇ ಕಥೆಯ ಇನ್ನೊಂದು ರೂಪವಿದೆ. ರಾಯಚೂರು, ಕೊಪ್ಪಳದ ಕಡೆಯ ಎಷ್ಟೋ ಹಳ್ಳಿಗಳಲ್ಲಿ ಮೆಟ್ಟಿಲು ಬಾವಿ ಮುಚ್ಚಿ ಬೋರ್‌ವೆಲ್ ಬಂದಾಗ ಹುಳ ಹೋಯಿತು. ಫ್ಲೋರೈಡ್ ನೀರು ಬಾಯಿಗೆ ಬಂತು. ಕೋಲಾರ, ಪಾವಗಡಗಳ ಪಾಡೂ ಗೊತ್ತಿರುವುದೇ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಎಂಬುದು ನಮ್ಮ ದೇಶದ ಮಾನದಂಡ. ಬಣ್ಣವಿಲ್ಲ, ವಾಸನೆಯಿಲ್ಲ, ನೀರು ಕನ್ನಡಿಯಷ್ಟು ತಿಳಿ. ಕುದಿಸಿದರೆ ನೀರು ಆವಿಯಾಗಿ ಫ್ಲೋರೈಡ್‌ನ ಪ್ರಮಾಣ ಇನ್ನಷ್ಟು ಏರುತ್ತದೆ. ಲೈಫ್‌ಸ್ಟ್ರಾ ಕೊಳವೆ, ಸೀರೆ, ಬಿಸಿಲು, ಕ್ಲೋರಿನ್ ಯಾವುದೂ ಅದರ ಹತ್ತಿರ ಸುಳಿಯುವುದಿಲ್ಲ. ಅದಕ್ಕೆ ಆರ್‌ಒ ಅಥವಾ ಆಕ್ಟಿವೇಟೆಡ್ ಅಲ್ಯುಮಿನಾ ಬೇಕು. ಇತ್ತ ಬರೀ ಹೊಳೆನೀರಿನ ಬ್ಯಾಕ್ಟೀರಿಯಾ ಕಾಟವಿರುವ ಊರಿನಲ್ಲಿ ದುಬಾರಿ ಆರ್‌ಒ ಇಟ್ಟುಕೊಂಡು, ಮನೆಗೆ ಬಂದ ನೀರಿನ ಅರ್ಧಕ್ಕಿಂತ ಹೆಚ್ಚನ್ನು ಮೋರಿಗೆ ಬಿಡುವವರೂ ಇದ್ದಾರೆ.

ಹಾಗಾಗಿ ಓದುಗರಲ್ಲಿ ಒಂದೇ ವಿನಂತಿ. ಫಿಲ್ಟರ್ ಜಾಹೀರಾತು ನೋಡಿ ಅಂಗಡಿಗೆ ಹೋಗುವ ಮೊದಲು ನಿಮ್ಮ ನೀರನ್ನು ಪರೀಕ್ಷೆ ಮಾಡಿಸಿ. ಜಲಜೀವನ್ ಮಿಷನ್ ಅಡಿಯಲ್ಲಿ ಜಿಲ್ಲಾ ಕೇಂದ್ರಗಳ ನೀರು ಪರೀಕ್ಷಾ ಪ್ರಯೋಗಾಲಯಗಳು ಸಾರ್ವಜನಿಕರಿಗೂ ತೆರೆದಿವೆ, ಶುಲ್ಕ ಅಲ್ಪ. ನಿಮ್ಮದು ಹಳ್ಳಿಯಾದರೆ ಗ್ರಾಮ ಪಂಚಾಯಿತಿಯಲ್ಲಿ ಪರೀಕ್ಷಾ ಕಿಟ್ ಇದೆಯೇ ಎಂದು ಕೇಳಿ. ಬ್ಯಾಕ್ಟೀರಿಯಾ ಮತ್ತು ಫ್ಲೋರೈಡ್ ಎರಡನ್ನೂ ನೋಡಲು ಹೇಳಿ, ವರದಿ ಕೈಗೆ ಬಂದ ಮೇಲೆ ಫಿಲ್ಟರ್ ಆರಿಸಿ.